ಎರಡು ಬೆರಳಗಲದ ಪಟ್ಟಿ

ಅತ್ತೆಯ ಸೊಂಟದ ಕೀಲು ಬದಲಾಯಿಸಿದ ಮೇಲೆ ಆ ಮನೆಯಲ್ಲಿ ಸೂಜಿಗಳು ಎರಡು ಜಾತಿಯವಾದವು. ಮುಂದಿನ ಕೋಣೆಯ ಅಂಗಡಿಯಲ್ಲಿ ಮಗನ ಹೊಲಿಗೆ ಯಂತ್ರದ ಸೂಜಿ; ಅದು ಇಪ್ಪತ್ತೆರಡು ವರ್ಷದಿಂದ ಆ ಮನೆಗೆ ಅನ್ನ ಹಾಕಿತ್ತು. ಹಿಂದಿನ ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕ, ಆಸ್ಪತ್ರೆಯವರು ಕೊಟ್ಟ ಮೂವತ್ತು ಇಂಜೆಕ್ಷನ್ ಸೂಜಿ. ಮೊದಲನೆಯದರ ಮೇಲೆ ಎಲ್ಲರಿಗೂ ಗೌರವ, ಎರಡನೆಯದರ ಮೇಲೆ ಎಲ್ಲರಿಗೂ ಅನುಮಾನ. ಚುಚ್ಚುವವಳು ಸೊಸೆ ಆದ್ದರಿಂದ ಅನುಮಾನಕ್ಕೆ ಹೆಚ್ಚು ದೂರ ಹೋಗಬೇಕಾಗಿರಲಿಲ್ಲ.

ಸೊಸೆ ಹೊರಗೆ ದುಡಿಯುವವಳು. ನಾಲ್ಕು ಬೀದಿ ಆಚೆ, ಶಾಲೆಗಳಿಗೆ ಪುಸ್ತಕ ಕಟ್ಟಿಕೊಡುವ ಬೈಂಡಿಂಗ್ ಕಾರ್ಖಾನೆಯಲ್ಲಿ ಹಾಳೆ ಎಣಿಸುವ ಕೆಲಸ. ಹೆಬ್ಬೆರಳಿಗೆ ರಬ್ಬರಿನ ಟೊಪ್ಪಿ ಹಾಕಿಕೊಂಡು ಇಪ್ಪತ್ತನಾಲ್ಕರಂತೆ ಹಾಳೆ ಬಿಡಿಸಿಡುವುದು. ಹದಿನೇಳು ವರ್ಷದಲ್ಲಿ ಅವಳು ಎಣಿಸಿದ ಒಂದು ಕಟ್ಟೂ ವಾಪಸು ಬಂದಿರಲಿಲ್ಲ. ಅಲ್ಲಿ ಅವಳನ್ನು 'ತಕ್ಕಡಿ' ಎಂದೇ ಕರೆಯುತ್ತಿದ್ದರು. ಕಣ್ಣು ಮಂಜಾದ ಹಳೇ ಮೇಸ್ತ್ರಿ ಕೆಲಸ ಬಿಡುವವನಿದ್ದ. ತನ್ನ ಕುರ್ಚಿ ತಕ್ಕಡಿಗೇ ಎಂದು ಎಲ್ಲರೆದುರು ಹೇಳಿದ್ದ.

"ಐದು ವಾರ ರಜೆ ತಗೋ. ಅತ್ತೇನ ಎಬ್ಬಿಸಿ ನಡೆಸು. ಬಂದು ಇಲ್ಲಿ ಕೂತ್ಕೋ. ಆದ್ರೆ ಐದು ಅಂದ್ರೆ ಐದೇ, ಆರನೇ ವಾರ ಕುರ್ಚಿ ಯಾರಿಗೂ ಕಾಯಲ್ಲ."

ಆ ಕುರ್ಚಿ ಅವಳಿಗೆ ಬೇಕಿತ್ತು. ಕಬ್ಬಿಣದ ಕುರ್ಚಿ, ಒಂದು ಕಾಲಿಗೆ ರಟ್ಟಿನ ಚೂರು ಕೊಟ್ಟು ನಿಲ್ಲಿಸಿದ್ದು; ಆದರೂ ಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಬೇಕು ಎಂದು ಬಾಯಿಬಿಟ್ಟು ಹೇಳಿದ ಮೊದಲ ವಸ್ತು ಅದೇ ಇರಬೇಕು.

ಆಪರೇಷನ್ನಿಗೆ ಮುಂಚೆ ಡಾಕ್ಟರು ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು. "ಮೂಳೆ ಕತ್ತರಿಸಿದ ತಕ್ಷಣ ರಕ್ತಕ್ಕೆ ಗಾಬರಿ ಆಗತ್ತೆ. ಸೋರೋ ಜಾಗ ಮುಚ್ಚಬೇಕು ಅಂತ ಹೆಪ್ಪುಗಟ್ಟೋಕೆ ಶುರು ಮಾಡತ್ತೆ. ಟೇಬಲ್ ಮೇಲೆ ಅದು ಒಳ್ಳೇದೇ. ಜಾಸ್ತಿ ರಕ್ತ ಹೋಗದ ಹಾಗೆ ನಾವೂ ಒಂದು ಔಷಧಿ ಕೊಡ್ತೀವಿ. ಆದ್ರೆ ಗಾಯ ಹೊಲಿದ ಮೇಲೂ ರಕ್ತದ ಗಾಬರಿ ಐದಾರು ವಾರ ಇಳಿಯಲ್ಲ. ಆಗ ಕಾಲಿನ ನರದಲ್ಲಿ ಗಡ್ಡೆ ಕಟ್ಟಬಹುದು. ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಅದಕ್ಕೇ ದಿನಾ ಒಂದು ಇಂಜೆಕ್ಷನ್ನು, ಈ ಬಿಗಿ ಕಾಲುಚೀಲ, ಗಂಟೆಗೊಂದ್ಸಲ ಪಾದ ಆಡಿಸೋದು."

"ಅಲ್ಲಿ ಹೆಪ್ಪಾಗೋಕೆ ಔಷಧಿ, ಮನೇಲಿ ಹೆಪ್ಪಾಗದೇ ಇರೋಕೆ ಔಷಧಿ," ಎಂದು ಅತ್ತೆ ಗೊಣಗಿದ್ದಳು. "ಇವರೇನು ಡಾಕ್ಟ್ರೋ, ಮೊಸರು ಮಾರೋರೋ?"

ಎಲ್ಲರೂ ನಕ್ಕಿದ್ದರು. ಅತ್ತೆಯ ಬಾಯಿ ಹಾಗೆಯೇ. ಕೀಲು ಸವೆದದ್ದು ಸೊಂಟದ್ದು ಮಾತ್ರ.

ಮನೆಗೆ ಬಂದ ಮಾರನೆಯ ದಿನದಿಂದ ಸೊಸೆಯ ಬೆಳಗು ಆರಕ್ಕೆ ಶುರು. ಮಗಳಿಗೆ ಕಾಲೇಜಿನ ಬುತ್ತಿ, ಗಂಡನಿಗೆ ಚಹಾ, ಅತ್ತೆಗೆ ಗಂಜಿ. ಆಮೇಲೆ ಹಳೇ ಕಾಲುಚೀಲ ತೆಗೆದು, ಕಾಲು ಒರೆಸಿ, ಒಗೆದು ಒಣಗಿಸಿಟ್ಟ ಇನ್ನೊಂದು ಜೊತೆ ಹಾಕುವುದು. ಮೈಬಣ್ಣದ, ಮೊಣಕಾಲಿನ ಕೆಳಗಿನವರೆಗೆ ಬರುವ ಚೀಲ. ಅದನ್ನು ಹಾಕುವುದೆಂದರೆ ಗುಬ್ಬಚ್ಚಿಯ ಗೂಡಿಗೆ ಕೋಳಿ ತುರುಕಿದ ಹಾಗೆ. ಒಂದೊಂದು ಕಾಲಿಗೆ ಹತ್ತು ನಿಮಿಷ. ಸೊಸೆ ಬೆವರುತ್ತಿದ್ದಳು, ಅತ್ತೆ ಕೂಗುತ್ತಿದ್ದಳು.

"ಕಾಲೋ ಕಡ್ಡಿಯೋ ಇದು? ಕಿತ್ತುಹಾಕು ಒಂದೇ ಸಲ!"

"ಇನ್ನೊಂಚೂರು, ಹಿಮ್ಮಡಿ ಕೂರ್ಲಿ."

"ನಿಂದು ಕೈಯಲ್ಲ, ಇಕ್ಕಳ."

ಒಂಬತ್ತಕ್ಕೆ ಇಂಜೆಕ್ಷನ್ನು. ಹೊಕ್ಕುಳಿನಿಂದ ನಾಲ್ಕು ಬೆರಳು ಆಚೆ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ನರ್ಸು ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಕಲಿಸಿದ್ದಳು. ಖಾಲಿಯಾದದ್ದನ್ನು ಸೊಸೆ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ತಿರುಗಿಸುತ್ತಿದ್ದಳು. ರಕ್ತ ತೆಳುವಾದ್ದರಿಂದ ಚುಚ್ಚಿದಲ್ಲೆಲ್ಲ ನೀಲಿಗಟ್ಟಿ, ವಾರ ಕಳೆಯುವಷ್ಟರಲ್ಲಿ ಅತ್ತೆಯ ಹೊಟ್ಟೆ ಮಾಗಿದ ನೇರಳೆ ಹಣ್ಣು ಚೆಲ್ಲಿದಂತಾಯಿತು.

ಭಾನುವಾರ ನಾದಿನಿ ಬಂದಳು. ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವಳು. ಜನರನ್ನು ಕಿಂಡಿಯಾಚೆಯಿಂದ ನೋಡಿ ಅಭ್ಯಾಸ. ಒಂದು ಕೈಯಲ್ಲಿ ಸೇಬು, ಇನ್ನೊಂದು ಕೈಯಲ್ಲಿ ತಪಾಸಣೆ. ತಾಯಿಯ ಅಂಗಿ ಎತ್ತಿ ನೋಡಿದವಳೇ ಅಣ್ಣನನ್ನು ಕೂಗಿದಳು.

"ಏನಣ್ಣ ಇದು? ಅಮ್ಮಂಗೆ ಚುಚ್ತಾ ಇದಾರೋ, ಹೊಡೀತಾ ಇದಾರೋ?"

ಅಣ್ಣ ಕತ್ತಿಗೆ ಅಳತೆಪಟ್ಟಿ ನೇತುಹಾಕಿಕೊಂಡು ಬಾಗಿಲಲ್ಲಿ ನಿಂತ. "ಡಾಕ್ಟ್ರು ಹೇಳಿದ್ರಲ್ಲ, ನೀಲಿಗಟ್ಟತ್ತೆ ಅಂತ."

"ಇಷ್ಟು ಅಂತ ಹೇಳಿರ್ಲಿಲ್ಲ."

"ಅತ್ತೆ, ನೀವೇ ಒಂದಿನ ಬಂದು ಚುಚ್ಚಿ ನೋಡಿ," ಎಂದಳು ಸೊಸೆಯ ಹದಿನೇಳರ ಮಗಳು ಸೋದರತ್ತೆಗೆ, ಪುಸ್ತಕದಿಂದ ತಲೆ ಎತ್ತದೆ. "ಕಿತ್ತಳೆ ಹಣ್ಣು ನಾನು ತಂದುಕೊಡ್ತೀನಿ."

"ನೋಡು, ನಿನ್ನ ಮಗಳ ನಾಲಗೆ! ಯಾರ ಹತ್ರ ಕಲಿತ್ಲು?"

"ಅಜ್ಜಿ ಹತ್ರ," ಎಂದಳು ಮಗಳು. ಹಾಸಿಗೆಯಲ್ಲಿದ್ದ ಅಜ್ಜಿಗೇ ನಗು ತಡೆಯಲಾಗಲಿಲ್ಲ.

ಎರಡನೆಯ ವಾರ ಒಂದು ಸಮಾಧಾನ ಸಿಕ್ಕಿತು. ಕಾಲುಚೀಲ ಸುಲಭವಾಗಿ ಏರತೊಡಗಿತು. ಹತ್ತು ನಿಮಿಷದ ಗುದ್ದಾಟ ಮೂರು ನಿಮಿಷಕ್ಕಿಳಿಯಿತು. ಅತ್ತೆಯ ಕೂಗಾಟವೂ ಇಳಿಯಿತು. ಕಾಲು ಚಾಚಿಕೊಂಡು ಸುಮ್ಮನೆ ಸೂರು ನೋಡುತ್ತಿದ್ದಳು. ತನ್ನ ಕೈ ಪಳಗಿತು ಎಂದುಕೊಂಡಳು ಸೊಸೆ. ಆ ಮನೆಯಲ್ಲಿ ಯಾರೂ ಅವಳನ್ನು ಹೊಗಳುವವರಿರಲಿಲ್ಲ; ತನ್ನನ್ನು ತಾನೇ ಹೊಗಳಿಕೊಂಡಳು. ಅದೊಂದೇ ಅವಳು ಮಾಡಿದ ತಪ್ಪು.

ಮನೆಗೆ ಬಂದ ಹದಿನಾರನೆಯ ದಿನ ಮಧ್ಯಾಹ್ನ ಅತ್ತೆ ಊಟದ ತಟ್ಟೆ ದೂಡಿದಳು. "ಬೇಡ. ಮೀನಖಂಡ ಸಿಡೀತಾ ಇದೆ. ಎದೇಲೂ ಏನೋ ಚುಚ್ತಿದೆ." ಚೀಲ ತೆಗೆದಾಗ ಎಡಗಾಲು ಬಲಗಾಲಿನ ಒಂದೂವರೆ ಪಟ್ಟು ಇತ್ತು. ಕೆಂಪಗೆ, ಬಿಸಿಯಾಗಿ, ಚರ್ಮ ಮಿರಿಮಿರಿ ಮಿಂಚುತ್ತಿತ್ತು. ಮೊಣಕಾಲಿನ ಕೆಳಗೆ ಬಳೆ ಒತ್ತಿದಂತೆ ಒಂದು ಗೆರೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ತೊಡೆಯ ನರದಲ್ಲಿ ಗಡ್ಡೆ. ಒಂದು ಚೂರು ಆಗಲೇ ಕಳಚಿ ಶ್ವಾಸಕೋಶ ಸೇರಿತ್ತು. ಸಣ್ಣ ಚೂರು, ಜೀವ ಉಳಿಯಿತು. ಅಂದು ಇದ್ದ ಡ್ಯೂಟಿ ಡಾಕ್ಟರು ಎಳೆಯ. ಅವಸರದಲ್ಲಿ ಒಂದೇ ಪ್ರಶ್ನೆ ಕೇಳಿದ. "ಇಂಜೆಕ್ಷನ್ ಒಂದು ದಿನಾನೂ ತಪ್ಪಿಸಿಲ್ಲ ತಾನೇ?"

"ಇಲ್ಲ," ಎಂದಳು ಸೊಸೆ.

ನಾದಿನಿ ಆ ಪ್ರಶ್ನೆಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಳು. ನೇರ ಅಡುಗೆಮನೆಗೆ ಹೋಗಿ, ಕಪಾಟು ತೆಗೆದು, ಉಳಿದ ಇಂಜೆಕ್ಷನ್ನುಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಮೂವತ್ತು ಕೊಟ್ಟಿದ್ರು. ಅಮ್ಮ ಮನೆಗೆ ಬಂದು ಇವತ್ತಿಗೆ ಹದಿನಾರು ದಿನ. ಹದಿನಾಲ್ಕು ಇರಬೇಕು. ಎಣಿಸಿ ನೋಡಿ. ಹದಿನೈದಿದೆ."

"ಬಂದ ದಿನದ್ದು ಆಸ್ಪತ್ರೇಲೇ ಕೊಟ್ಟಿದ್ರು," ಎಂದಳು ಸೊಸೆ. "ಬೆಳಗ್ಗೆ ಕೊಟ್ಟು ಆಮೇಲೆ ಬಿಟ್ಟಿದ್ದು. ನಾನು ಶುರು ಮಾಡಿದ್ದು ಮಾರನೇ ದಿನದಿಂದ."

"ಹಾಗಂತ ಯಾರು ಹೇಳಿದ್ರು?"

"ನಾನು ಅಲ್ಲೇ ಇದ್ನಲ್ಲ. ಇವರೂ ಇದ್ರು." ಸೊಸೆ ಗಂಡನ ಕಡೆ ತಿರುಗಿದಳು. "ನೀವು ಬ್ಯಾಗು ಕಟ್ತಾ ಇದ್ರಿ. ನರ್ಸು ಬಂದು ಚುಚ್ಚಿದ್ರು. ಅಮ್ಮ 'ಹೋಗೋವಾಗ್ಲೂ ಬಿಡಲ್ವಾ' ಅಂದ್ರು. ನೆನಪಿದೆಯಲ್ಲ?"

ಟೈಲರು ಮೇಜಿನ ಮೇಲಿನ ಸೂಜಿಗಳನ್ನು ನೋಡಿದ. ಹೆಂಡತಿಯನ್ನು ನೋಡಲಿಲ್ಲ. ಕತ್ತಿನ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನಂಗೆ ಸರಿಯಾಗಿ ನೆನಪಿಲ್ಲ."

"ಅಪ್ಪಾ!" ಎಂದಳು ಮಗಳು.

"ನೆನಪಿಲ್ಲ ಅಂದ್ನಲ್ಲ. ಅವತ್ತು ಗಡಿಬಿಡಿ. ಇರಬಹುದು. ಇಲ್ದೇ ಇರಬಹುದು."

"ಇಂಥ ಮನೆ ನಾನೆಲ್ಲೂ ನೋಡಿಲ್ಲ," ಎಂದಳು ನಾದಿನಿ, ಸೂಜಿಗಳನ್ನು ಮತ್ತೆ ಡಬ್ಬಿಗೆ ತುಂಬುತ್ತ. "ಕಾರ್ಖಾನೇಲಿ ಸಾವಿರಗಟ್ಟಲೆ ಎಣಿಸ್ತಾಳಂತೆ. ಮನೇಲಿ ದಿನಕ್ಕೊಂದು ಎಣಿಸೋಕಾಗ್ಲಿಲ್ಲ."

ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಸೊಸೆಗೆ ಇನ್ನೇನನ್ನಾದರೂ ಅನ್ನಬಹುದಿತ್ತು, ಅಡುಗೆಗೆ ಉಪ್ಪು ಹೆಚ್ಚೆಂದೋ ಮಾತು ಕಡಿಮೆಯೆಂದೋ. ಲೆಕ್ಕ ತಪ್ಪಿದವಳು ಎಂಬುದನ್ನು ಮಾತ್ರ ಅವಳು ಎಲ್ಲಿಯೂ ಕೇಳಿರಲಿಲ್ಲ. ಗಂಡನ ಮರೆವನ್ನು ಅವಳು ಮರೆವೆಂದೇ ನಂಬಿದಳು. ಹೆಂಡತಿಯ ಹುಟ್ಟಿದ ದಿನ ಮರೆಯುವವನು ಇದನ್ನೂ ಮರೆತಾನು ಎಂದುಕೊಂಡಳು.

ಅತ್ತೆ ಎಂಟು ದಿನ ಆಸ್ಪತ್ರೆಯಲ್ಲಿದ್ದು ವಾಪಸು ಬಂದಳು. ಈಗ ಇಂಜೆಕ್ಷನ್ ಬದಲು ಮಾತ್ರೆ. ರಕ್ತ ಅತಿ ತೆಳುವಾದರೆ ಸೋರುತ್ತದೆ, ಅತಿ ಗಟ್ಟಿಯಾದರೆ ಮತ್ತೆ ಗಡ್ಡೆ. ವಾರಕ್ಕೊಮ್ಮೆ ರಕ್ತ ಕೊಟ್ಟು ಬರಬೇಕು, ಅದರ ಪ್ರಕಾರ ಮಾತ್ರೆ ಅರ್ಧ, ಮುಕ್ಕಾಲು, ಒಂದು. ಸೊಪ್ಪು ಮಾತ್ರೆಯ ಬಲ ಕುಗ್ಗಿಸುತ್ತದೆ, ಅದಕ್ಕೆ ದಿನಾ ಒಂದೇ ಅಳತೆ. ಬಿದ್ದರೆ, ಒಸಡಿನಲ್ಲಿ ರಕ್ತ ಬಂದರೆ, ತಕ್ಷಣ ಓಡಬೇಕು. ಮೂರು ತಿಂಗಳು.

ಆ ರಾತ್ರಿಯ ಊಟಕ್ಕೆ ನಾದಿನಿಯೂ ಕೂತಿದ್ದಳು. ಅನ್ನದ ಪಾತ್ರೆ ಒಂದು ಸುತ್ತು ಹೋಗುವಷ್ಟರಲ್ಲಿ ತೀರ್ಪು ಬಂತು.

"ಮೂರು ತಿಂಗಳು ಯಾರಾದ್ರೂ ಮನೇಲಿ ಇರ್ಲೇಬೇಕು," ಎಂದಳು. "ನಂಗೆ ಶಿಫ್ಟು. ಅಣ್ಣ ಅಂಗಡಿ ಮುಚ್ಚೋಕಾಗಲ್ಲ. ಯಾರಿಂದ ಹೀಗಾಯ್ತೋ ಅವರು ನೋಡ್ಕೊಂಡ್ರೆ ನ್ಯಾಯ."

"ಅಂಗಡಿ ಮನೇಲೇ ಇದೆಯಲ್ಲ," ಎಂದಳು ಮಗಳು. "ಅಪ್ಪ ಹನ್ನೆರಡು ಹೆಜ್ಜೆ ನಡೆದ್ರೆ ಅಜ್ಜಿ ಹಾಸಿಗೆ. ನಾನು ಎಣಿಸಿದೀನಿ."

"ದೊಡ್ಡೋರು ಮಾತಾಡೋವಾಗ ನಿಂಗೇನು?"

"ದೊಡ್ಡೋರು ಮಾತಾಡ್ತಾ ಇಲ್ವಲ್ಲ, ನೀವೊಬ್ರೇ ಮಾತಾಡ್ತಿದೀರ."

ಅತ್ತೆ ಕೆಮ್ಮಿದಳು. ಟೈಲರು ನೀರು ಕುಡಿದ. ಸೊಸೆ ಹೇಳಿದಳು, "ನನ್ನ ರಜೆ ಮುಂದಿನ ಸೋಮವಾರಕ್ಕೆ ಮುಗಿಯತ್ತೆ. ಹೋಗದೇ ಇದ್ರೆ ಆ ಕುರ್ಚಿ ಹೋಗತ್ತೆ."

"ಕುರ್ಚಿ!" ನಾದಿನಿ ನಕ್ಕಳು. "ಅಮ್ಮನ ಜೀವ ಹೋಗ್ತಿತ್ತು, ಇವಳಿಗೆ ಕುರ್ಚಿ."

ಸೊಸೆ ತಟ್ಟೆ ಎತ್ತಿಕೊಂಡಳು. ಎದ್ದು ಹೋಗಿ ಪಾತ್ರೆ ತೊಳೆದಳು.

ಮಾರನೆಯ ಬೆಳಗ್ಗೆ ಆಸ್ಪತ್ರೆಯವರು ಕೊಟ್ಟ ಹೊಸ ಕಾಲುಚೀಲ ಹಾಕಲು ಕೂತಾಗ ಮತ್ತೆ ಹತ್ತು ನಿಮಿಷ ಹಿಡಿಯಿತು. ಅತ್ತೆ ಮತ್ತೆ ಕೂಗಿದಳು. ಸೊಸೆ ಬೆವರು ಒರೆಸಿಕೊಂಡು ತನ್ನ ಅಂಗೈಗಳನ್ನೇ ನೋಡಿಕೊಂಡಳು. ಪಳಗಿದ ಕೈ ಎಂಟು ದಿನದಲ್ಲಿ ಮರೆತುಹೋಗುತ್ತದೆಯೇ?

ಹಳೆಯ ಎರಡು ಜೊತೆ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲದಲ್ಲಿ, ಬಟ್ಟೆಗಳ ನಡುವೆ ಇದ್ದವು. ಒಂದನ್ನು ತೆಗೆದು, ಒಳಗಿನದು ಹೊರಗೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳು ಆಡಿಸಿದಳು. ಹಿಂಭಾಗದಲ್ಲಿ, ಹಿಮ್ಮಡಿಯಿಂದ ಮೀನಖಂಡದವರೆಗೆ, ಒಂದು ಹಾಳೆಯಷ್ಟು ದಪ್ಪ ಹೆಚ್ಚಿತ್ತು. ಎರಡು ಬೆರಳಗಲದ ಪಟ್ಟಿ, ಅದೇ ಬಣ್ಣದ ಹಿಗ್ಗುವ ಬಟ್ಟೆ, ಅದೇ ಬಣ್ಣದ ದಾರ. ಮೇಲ್ತುದಿಯ ಮಡಿಕೆಯೊಳಗೆ ಹೊಸ ಎಲಾಸ್ಟಿಕ್. ಹೊಲಿಗೆ ಅಷ್ಟು ಸಣ್ಣ, ಅಷ್ಟು ನೇರ, ಊರಲ್ಲಿ ಹಾಗೆ ಹೊಲಿಯುವವನು ಒಬ್ಬನೇ. ಇನ್ನುಳಿದ ಮೂರನ್ನೂ ತಿರುಗಿಸಿ ನೋಡಿದಳು. ಮೂರೂ ಹಾಗೆಯೇ.

ಸೊಸೆ ಅಲ್ಲೇ ನೆಲದ ಮೇಲೆ ಕೂತಳು. ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಎರಡು ಹಾಳೆ ಅಂಟಿಕೊಂಡರೆ ಕಣ್ಣು ಮುಚ್ಚಿ ಹೇಳುವ ಬೆರಳು ಹತ್ತು ದಿನ ಇದನ್ನು ಒಗೆದಿದೆ, ಹಿಂಡಿದೆ, ಒಣಹಾಕಿದೆ. ಸುಲಭವಾಯಿತೆಂಬ ಖುಷಿಯಲ್ಲಿ ಹುಡುಕುವ ಗೋಜಿಗೇ ಹೋಗಲಿಲ್ಲ. ಸಿಟ್ಟು ಆಮೇಲೆ ಬಂತು, 'ನಂಗೆ ಸರಿಯಾಗಿ ನೆನಪಿಲ್ಲ' ಎಂಬ ಮಾತು ನೆನಪಾದಾಗ.

ಅಂಗಡಿಯಲ್ಲಿ ಟೈಲರು ಒಂದು ಕೋಟಿನ ತೋಳು ಬಿಚ್ಚುತ್ತಿದ್ದ. ಸೊಸೆ ಕಾಲುಚೀಲವನ್ನು ಯಂತ್ರದ ಮೇಲೆ ಹಾಕಿದಳು. ಅವನು ಒಂದು ಸಲ ನೋಡಿದ, ಕತ್ತರಿ ಕೆಳಗಿಟ್ಟ.

"ಯಾವಾಗ ಮಾಡಿದ್ರಿ?"

"ಮನೆಗೆ ಬಂದ ಆರನೇ ದಿನ. ನೀನು ಔಷಧಿ ಅಂಗಡಿಗೆ ಹೋಗಿದ್ದೆ." ಅವನ ದನಿ ಸಣ್ಣದಾಯಿತು. "ಅಮ್ಮ ಅತ್ತುಬಿಟ್ರು ಕಣೆ. ಕಾಲು ಕತ್ತರಿಸಿದ ಹಾಗಾಗ್ತಿದೆ, ನೀನೆಂಥ ಟೈಲರು, ಊರವರ ಬಟ್ಟೆ ಸರಿ ಮಾಡ್ತೀಯ, ಹೆತ್ತೋಳ ಕಾಲಿಂದು ಮಾಡಲ್ವಾ ಅಂದ್ರು. ನಾನು ಅಳತೆ ತಗೊಂಡು ನೋಡ್ದೆ. ಕಾಲು ಒಂದು ಅಳತೆ, ಚೀಲ ಒಂದು ಅಳತೆ. ಬಟ್ಟೆ ಮೈಗೆ ಹೊಂದಬೇಕು, ಮೈ ಬಟ್ಟೆಗಲ್ಲ. ಕೆಳಗೆ ಸಡಿಲ ಬಿಟ್ಟೆ. ಸಡಿಲ ಬಿಟ್ರೆ ಜಾರತ್ತಲ್ಲ, ಅದಕ್ಕೆ ಮೇಲೆ ಎಲಾಸ್ಟಿಕ್ ಕೊಟ್ಟೆ."

"ಕೆಲಸ ನೀಟಾಗಿದೆ," ಎಂದಳು ಸೊಸೆ.

ಅವನು ತಲೆ ಎತ್ತಲಿಲ್ಲ.

"ಬಂದ ದಿನ ಆಸ್ಪತ್ರೇಲಿ ಇಂಜೆಕ್ಷನ್ ಕೊಟ್ಟಿದ್ದು ನಿಜವಾಗ್ಲೂ ನೆನಪಿಲ್ವಾ?"

"ಇದೆ."

"ಮತ್ತೆ?"

"ಅದು ಸರಿ ಅಂದ್ರೆ ಇನ್ನೇನು ತಪ್ಪಾಯ್ತು ಅಂತ ಹುಡುಕ್ತಾರೆ. ಹುಡುಕಿದ್ರೆ ಇದು ಸಿಗತ್ತೆ." ಅವನು ಕಾಲುಚೀಲವನ್ನು ಮಡಚಿ ಬದಿಗಿಟ್ಟ, ಗಿರಾಕಿಯ ಬಟ್ಟೆಯ ಹಾಗೆ. "ಹೇಳ್ತೀನಿ ಕಣೆ. ಸಮಯ ನೋಡಿ ಹೇಳ್ತೀನಿ. ಅವಳ ಬಾಯಿ ನಿಂಗೊತ್ತಲ್ಲ."

"ನಂಗೊತ್ತು. ಎಂಟು ದಿನದಿಂದ ಅದರೊಳಗೇ ಇದೀನಿ."

ಅವಳು ಆ ಚೀಲವನ್ನು ವಾಪಸು ತೆಗೆದುಕೊಂಡು ಒಳಗೆ ಬಂದಳು. ಅತ್ತೆ ಹಾಸಿಗೆಯಲ್ಲಿ ಕೂತು ಸೇಬಿನ ಹೋಳು ತಿನ್ನುತ್ತಿದ್ದಳು. ಗೋಡೆ ತೆಳು, ಎಲ್ಲ ಕೇಳಿಸಿತ್ತು. ನಾಟಕ ಆಡುವ ಹೆಂಗಸಲ್ಲ ಅವಳು, ಅದೊಂದು ಗುಣ ಒಪ್ಪಬೇಕು.

"ಬಾ, ಕೂತ್ಕೋ," ಎಂದಳು. "ನಾನೇ ಮಾಡಿಸಿದ್ದು. ಏನೀಗ?"

"ನಿಮ್ಮ ಮಗಳು ನನ್ನನ್ನ ಅಷ್ಟು ಅಂದಾಗ ನೀವೊಂದು ಮಾತು ಹೇಳಬಹುದಿತ್ತು."

"ಏನಂತ? ಹೆತ್ತ ಮಗನ ಕೈಯಿಂದ ಸಾಯೋ ಹಾಗಾಯ್ತು ಅಂತಾನಾ? ಅವನು ಚಿಕ್ಕೋನಿಂದ ಹಾಗೇ. ಒಂದು ಗುಂಡಿ ತಪ್ಪಾದ್ರೆ ಎರಡು ದಿನ ಊಟ ಬಿಡ್ತಾನೆ. ಇದು ನಾಲ್ಕು ಜನಕ್ಕೆ ಗೊತ್ತಾದ್ರೆ ಕತ್ತರಿ ಹಿಡಿಯಲ್ಲ ಅವನು. ಅಂಗಡಿ ಹೋದ್ರೆ ಮನೆ ಹೋಯ್ತು." ಅತ್ತೆ ಸೇಬಿನ ಬೀಜ ಅಂಗೈಗೆ ಉಗಿದಳು. "ಅವನು ತಡ್ಕೊಳ್ಳಲ್ಲ. ನೀನು ತಡ್ಕೋತೀಯ."

"ನಾನು ತಡ್ಕೋತೀನಿ ಅಂತ ಯಾರು ಹೇಳಿದ್ರು?"

"ಇಪ್ಪತ್ತು ವರ್ಷ ನೋಡಿಲ್ವಾ ನಾನು?" ಎಂದಳು ಅತ್ತೆ. ಅದು ಬೈಗುಳವಲ್ಲ, ಅವಳ ಲೆಕ್ಕದಲ್ಲಿ ಹೊಗಳಿಕೆ. ಆ ಮನೆಯಲ್ಲಿ ಸೊಸೆಗೆ ಸಿಕ್ಕ ಮೊದಲ ಹೊಗಳಿಕೆ.

ಶನಿವಾರ ದೊಡ್ಡ ಡಾಕ್ಟರ ಬಳಿ ತಪಾಸಣೆ. ನಾಲ್ವರೂ ಹೋದರು. ಡಾಕ್ಟರು ಕಾಲು ಒತ್ತಿ ನೋಡಿ, ರಕ್ತದ ಚೀಟಿ ನೋಡಿ, "ಮನೇಲಿ ಯಾರಿರ್ತೀರಿ?" ಎಂದರು.

"ಇವಳೇ ಇರ್ತಾಳೆ," ಎಂದಳು ನಾದಿನಿ. "ಒಂದು ಇಂಜೆಕ್ಷನ್ ತಪ್ಪಿಸಿ ಪಾಠ ಕಲಿತಾಗಿದೆ. ಇನ್ನು ತಪ್ಪಿಸಲ್ಲ."

ಸೊಸೆ ಗಂಡನ ಕಡೆ ನೋಡಿದಳು. ಅವನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. ಅವನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡುತ್ತಿದ್ದ. ಅವಳು ಹತ್ತರವರೆಗೆ ಎಣಿಸಿದಳು. ಆಮೇಲೆ ಕೈಚೀಲದಿಂದ ಕಾಲುಚೀಲ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು.

"ಸಾರ್, ಎರಡು ವಿಷಯ. ಮೊದಲ ಸಲ ಮನೆಗೆ ಬಿಟ್ಟ ದಿನದ ಇಂಜೆಕ್ಷನ್ ಇಲ್ಲೇ ಕೊಟ್ಟಿದ್ರಾ, ಫೈಲ್ ನೋಡಿ ಹೇಳಿ. ಇದನ್ನೂ ನೋಡಿ."

ಡಾಕ್ಟರು ಫೈಲು ತಿರುವಿದರು. "ಹೌದು, ಬೆಳಗ್ಗೆ ಒಂಬತ್ತಕ್ಕೆ ಕೊಟ್ಟಿದೆ. ನರ್ಸ್ ಸೈನ್ ಇದೆ." ಆಮೇಲೆ ಕಾಲುಚೀಲ ಎತ್ತಿ, ಎಳೆದು, ಒಳಗೆ ಕೈ ತೂರಿಸಿ ನೋಡಿದರು. ಮುಖ ಗಂಟಾಯಿತು. "ಇದನ್ನ ಯಾರು ಮಾಡಿದ್ದು?"

ಕೊನೆಗೆ ಟೈಲರು, "ನಾನು ಸಾರ್," ಎಂದ. "ತುಂಬ ಬಿಗಿ ಇತ್ತು. ಅಳತೆಗೆ ಹೊಂದಿಸ್ದೆ."

"ಬಿಗಿ ಇರಬೇಕು ಅಂತಾನೇ ಮಾಡಿರೋದ್ರೀ. ಪಾದದ ಗಂಟಿನ ಹತ್ರ ಜಾಸ್ತಿ ಬಿಗಿ, ಮೇಲೆ ಹೋಗ್ತಾ ಕಡಿಮೆ. ಆಗ ರಕ್ತ ಮೇಲೆ ಹತ್ತತ್ತೆ. ನೀವು ಕೆಳಗೆ ಸಡಿಲ ಬಿಟ್ಟು ಮೇಲೆ ಹಗ್ಗ ಕಟ್ಟಿದ ಹಾಗೆ ಮಾಡಿದೀರ. ರಕ್ತ ಕೆಳಗೇ ನಿಂತಿದೆ."

ಟೈಲರನ ಮುಖ ಬಿಳಿಚಿಕೊಂಡಿತು. ಅತ್ತೆ ಮಗನ ಮೊಣಕೈ ಹಿಡಿದಳು.

ಡಾಕ್ಟರು ಸ್ವಲ್ಪ ಮೆತ್ತಗಾದರು. "ಇದರಿಂದಲೇ ಆಯ್ತು ಅಂತ ನಾನು ಹೇಳಲ್ಲ. ಎಲ್ಲ ಸರಿ ಮಾಡಿದೋರಿಗೂ ನೂರರಲ್ಲಿ ಒಬ್ರಿಗೋ ಇಬ್ರಿಗೋ ಆಗತ್ತೆ. ಮೂಳೆ ಕತ್ತರಿಸಿದ ರಕ್ತ ಹೇಳಿದ ಮಾತು ಕೇಳಲ್ಲ. ಆದ್ರೆ ಇದು ಸಹಾಯ ಅಂತೂ ಮಾಡಿಲ್ಲ."

ಕಾರಿಡಾರಿಗೆ ಬಂದಾಗ ಸೊಸೆ ನಿಂತಳು. ಯಾರಾದರೂ ಏನಾದರೂ ಹೇಳಬಹುದೆಂದು ನಿಂತಳು. ಹೆಚ್ಚೇನೂ ಬೇಡ, 'ನಿನ್ನ ಲೆಕ್ಕ ಸರಿಯಾಗೇ ಇತ್ತು' ಎಂಬ ನಾಲ್ಕು ಮಾತು. ನಾದಿನಿ ಎರಡು ಹೆಜ್ಜೆ ಮುಂದೆ ಹೋದವಳು ತಿರುಗಿ ಬಂದಳು.

"ಒಂದು ಮಾತು ಕೇಳ್ತೀನಿ. ಅಣ್ಣ ಗಂಡಸು, ಅವನಿಗೇನು ಗೊತ್ತಾಗತ್ತೆ? ದಿನಾ ಅದನ್ನ ಹಾಕಿ, ತೆಗೆದು, ಒಗೀತಿದ್ದೋಳು ನೀನು. ನಿಂಗೆ ಗೊತ್ತಾಗ್ಲಿಲ್ವಾ?"

ಅದೇ ಪ್ರಶ್ನೆಯನ್ನು ಸೊಸೆ ತನ್ನನ್ನೇ ಮೂರು ದಿನದಿಂದ ಕೇಳಿಕೊಳ್ಳುತ್ತಿದ್ದಳು.

"ಗೊತ್ತಾಗಿದ್ದೂ ಸುಮ್ಮನಿದ್ಲೋ ಏನೋ," ಎಂದಳು ನಾದಿನಿ. "ಹಾಕೋಕೆ ಸುಲಭ ಆಯ್ತಲ್ಲ."

"ಬಿಡಮ್ಮ, ಆಗಿದ್ದಾಯ್ತು," ಎಂದ ಟೈಲರು ತಂಗಿಗೆ. ಅವನ ಮುಖಕ್ಕೆ ಬಣ್ಣ ಮರಳುತ್ತಿತ್ತು. ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತು ಮೆಲ್ಲಗೆ ಹೇಳಿದ, "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಮನಸ್ಸು ಹಗುರ ಆಯ್ತು."

ಸೋಮವಾರ ಬೆಳಗ್ಗೆ ಸೊಸೆ ಗಂಜಿ ಬೇಯಿಸಿ, ಮಾತ್ರೆ ಒಂದು ಬಟ್ಟಲಲ್ಲಿಟ್ಟು, ಕಾಲುಚೀಲದ ಜೊತೆಯನ್ನು ಹೊಲಿಗೆ ಯಂತ್ರದ ಮೇಲಿಟ್ಟಳು. "ನಿಮ್ಮಮ್ಮನ ಕಾಲು. ನೀವೇ ಹಾಕಿ. ಹಿಮ್ಮಡಿ ಮೊದಲು." ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೀದಿಗಿಳಿದಿದ್ದಳು.

ಕಾರ್ಖಾನೆಯಲ್ಲಿ ಅಂಟಿನ ವಾಸನೆ, ಕತ್ತರಿಸುವ ಯಂತ್ರದ ಧಡಧಡ, ಎಲ್ಲ ಹಾಗೇ ಇತ್ತು. ಮೇಸ್ತ್ರಿಯ ಕುರ್ಚಿಯಲ್ಲಿ ಅಂಟು ಹಚ್ಚುವ ವಿಭಾಗದ ಹೆಂಗಸು ಕೂತಿದ್ದಳು. ಇವಳನ್ನು ಕಂಡು ಮುಜುಗರದಿಂದ ಅರ್ಧ ಎದ್ದಳು. ಹಳೇ ಮೇಸ್ತ್ರಿ ಕನ್ನಡಕ ಒರೆಸಿಕೊಳ್ಳುತ್ತ ಬಂದ.

"ನೀನ್ಯಾಕೆ ಬಂದೆ? ನಿಮ್ಮೆಜಮಾನ್ರು ಬುಧವಾರಾನೇ ಫೋನ್ ಮಾಡಿದ್ರಲ್ಲ. ಇನ್ನು ಮೂರು ತಿಂಗಳು ಬರಲ್ಲ, ಕಾಯಬೇಡಿ ಅಂದ್ರು."

ಬುಧವಾರ ಎಂದರೆ ಆ ಊಟದ ಮಾರನೆಯ ದಿನ. ಕಾಲುಚೀಲ ಅವಳಿಗೆ ಸಿಕ್ಕಿದ ದಿನ. ಫೋನ್ ಬಂದದ್ದು ಅದಕ್ಕೆ ಮುಂಚೆಯೋ, ಆಮೇಲೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಯಾವ ಉತ್ತರ ಬಂದರೂ ಆ ಮನುಷ್ಯನ ಜೊತೆಯೇ ಊಟಕ್ಕೆ ಕೂರಬೇಕಿತ್ತು.

"ಎಣಿಸೋ ಮೇಜಾದ್ರೂ ಇದೆಯಾ?" ಎಂದಳು.

"ಅದು ನಿಂದೇ."

ಹೆಬ್ಬೆರಳಿಗೆ ರಬ್ಬರ್ ಟೊಪ್ಪಿ ಹಾಕಿಕೊಂಡು ಕೂತಳು. ಮೊದಲ ಕಟ್ಟನ್ನು ಎರಡು ಸಲ ಎಣಿಸಿದಳು. ಹದಿನೇಳು ವರ್ಷದಲ್ಲಿ ಅವಳು ಎರಡನೆಯ ಸಲ ಎಣಿಸಿದವಳಲ್ಲ. ಪಕ್ಕದವಳು ನೋಡಿಯೂ ನೋಡದಂತಿದ್ದಳು.

ಸಂಜೆ ಮೆಟ್ಟಿಲ ಬಳಿ ಪಕ್ಕದ ಮನೆಯಾಕೆ ಬಟ್ಟೆ ಮಡಚುತ್ತಿದ್ದಳು. "ನಿಮ್ಮತ್ತೆ ಅದೃಷ್ಟವಂತೆ ಬಿಡಿ," ಎಂದಳು. "ಮಗ ಅಂಗಡಿ ಮುಚ್ಚಿ, ಕಾಲ ಬಳಿ ಕೂತು ತಾನೇ ಕಾಲುಚೀಲ ಹಾಕ್ದ. ನಾನು ಕಣ್ಣಾರೆ ನೋಡ್ದೆ. ಈ ಕಾಲದಲ್ಲಿ ಹಾಗೆ ಯಾವ ಮಗ ಮಾಡ್ತಾನೆ? ಸೊಸೆ ಕೆಲಸಕ್ಕೆ ಹೋದ್ರೂ ನಂಗೆ ಮಗ ಇದಾನೆ ಅಂತ ನಿಮ್ಮತ್ತೆ ಕಣ್ಣೀರು ಹಾಕ್ಕೊಂಡ್ರು."

ಸೊಸೆ ತಲೆಯಾಡಿಸಿ ಒಳಗೆ ಹೋದಳು. ಗಂಡ ತಟ್ಟೆ ಹಾಕುತ್ತಿದ್ದ. "ಎಂಟೇ ನಿಮಿಷ," ಎಂದ, ಬಹುಮಾನ ಗೆದ್ದವನ ಹಾಗೆ. ಮಗಳು ಅಮ್ಮನ ಮುಖ ನೋಡಿ ಪುಸ್ತಕ ಮುಚ್ಚಿದಳು, ಮೊದಲ ಬಾರಿಗೆ ಏನೂ ಮಾತಾಡಲಿಲ್ಲ.

ಅತ್ತೆ ಹಾಸಿಗೆಯಲ್ಲಿ ಕಾಲು ಚಾಚಿ ಕೂತಿದ್ದಳು. ಎಡಗಾಲಿನ ಚೀಲ ಹಿಮ್ಮಡಿಯ ಬಳಿ ಸುಕ್ಕುಗಟ್ಟಿ, ಮೊಣಕಾಲ ಕೆಳಗೆ ಮಡಚಿಕೊಂಡಿತ್ತು. ಮಡಚಿದ ಜಾಗ ಮಾಂಸಕ್ಕೆ ಒತ್ತಿತ್ತು. ಸೊಸೆ ಕೈಚೀಲವನ್ನೂ ಇಳಿಸದೆ ಬಗ್ಗಿ, ಆ ಮಡಿಕೆ ಬಿಡಿಸಲು ಬೆರಳು ತೂರಿಸಿದಳು.

ಅತ್ತೆ ಕಾಲು ಸರಕ್ಕನೆ ಎಳೆದುಕೊಂಡಳು.

"ಮುಟ್ಟಬೇಡ," ಎಂದಳು. "ನನ್ನ ಮಗ ಹಾಕಿದ್ದು."